ಒಂದೇ ಗೇಟು, ಮೂರು ಡಿವಿಷನ್: ಮಗಳನ್ನು ಮೇಲಿನ ಮಹಡಿಗೆ ಕಳುಹಿಸಲೇ?

ಕುಂಬಳೆ ಬಯಲು
ಮೇ 11, ರಾತ್ರಿ 9.40

ಶಾಲೆ ತೆರೆಯಲು ಇನ್ನು ಮೂರು ವಾರವಷ್ಟೇ ಇದೆ, ನಮ್ಮ ಮನೆಯಲ್ಲಿ ದಿನವೂ ಒಂದೇ ಮಾತು. ಮಗಳು ನಾಲ್ಕನೆಯ ತರಗತಿ ಮುಗಿಸಿದ್ದಾಳೆ. ಕಾಸರಗೋಡಿನ ನಮ್ಮ ಊರಿನದೇ ಅನುದಾನಿತ ಯು.ಪಿ. (ಏಳನೆಯವರೆಗಿನ) ಶಾಲೆ, ಕನ್ನಡ ಡಿವಿಷನ್, ಅಂದರೆ ಕನ್ನಡ ಮಾಧ್ಯಮದ ವಿಭಾಗ. ಅದೇ ಕಂಪೌಂಡಿನೊಳಗೆ ಮಲಯಾಳ ಡಿವಿಷನ್ ಇದೆ, ಕೆಲವು ವರ್ಷಗಳಿಂದ ಇಂಗ್ಲಿಷ್ ಡಿವಿಷನ್ ಕೂಡ ಇದೆ. ಐದನೆಯ ತರಗತಿಗೆ ಇಂಗ್ಲಿಷಿಗೆ ಬದಲಾಯಿಸಿ ಎಂದು ಅತ್ತೆಯಿಂದ ಹಿಡಿದು ಹಾಲಿನ ಸೊಸೈಟಿಯ ಕಾರ್ಯದರ್ಶಿಯವರೆಗೆ ಎಲ್ಲರೂ ಹೇಳುತ್ತಿದ್ದಾರೆ.

ನಾನು ಒಪ್ಪದೆ ನಿಂತಿರುವುದು ಕನ್ನಡದ ಅಭಿಮಾನದಿಂದ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಈ ಸಲದ ವಾರ್ಷಿಕೋತ್ಸವದ ದಿನ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಪ್ರಾರ್ಥನೆ, ಸ್ವಾಗತಗೀತೆ, ಕೊನೆಗೆ ರಾಷ್ಟ್ರಗೀತೆ, ಇಷ್ಟು ಕನ್ನಡ ಡಿವಿಷನ್ನಿನ ಮಕ್ಕಳಿಗೆ. ನಡುವಿನ ನೃತ್ಯ, ಪ್ರಹಸನ, ಬಣ್ಣದ ದೀಪ ಎಲ್ಲವೂ ಇಂಗ್ಲಿಷ್ ಡಿವಿಷನ್ನಿಗೆ. ವೇಷಭೂಷಣದ ಬಾಡಿಗೆ 600 ರೂಪಾಯಿ ಕೊಡುವುದು ಕನ್ನಡದ ಪೋಷಕರಿಗೆ ಕಷ್ಟ ಎಂದು ಟೀಚರ್ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅದು ನಿಜವೇ.

ಅಲ್ಲಿಯೇ ಕುಳಿತು ಎಣಿಸಿದೆ. ಮಗಳ ತರಗತಿಯಲ್ಲಿ 11 ಮಕ್ಕಳು. ಎಂಟು ಮಂದಿ ಗುಡ್ಡದ ಮೇಲಿನ ಪರಿಶಿಷ್ಟ ಜಾತಿ, ಪಂಗಡದವರ ಕಾಲನಿಯವರು, ಇಬ್ಬರ ತಂದೆ ಅಡಿಕೆ ತೋಟದ ಕೂಲಿ, ಉಳಿದವಳು ನನ್ನ ಮಗಳು. ಮೇಲಿನ ಮಹಡಿಯ ಇಂಗ್ಲಿಷ್ ತರಗತಿಯಲ್ಲಿ 34 ಮಕ್ಕಳು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮನೆಮಾತು ಕನ್ನಡ ಅಥವಾ ತುಳು, ಆದರೆ ಕಾಲನಿಯ ಮಗು ಒಂದೂ ಇಲ್ಲ. ಮಧ್ಯಾಹ್ನ ಕೆಳಗಿನವರು ಶಾಲೆಯ ಅನ್ನ ಉಣ್ಣುತ್ತಾರೆ, ಮೇಲಿನವರು ಡಬ್ಬಿ ಬಿಚ್ಚುತ್ತಾರೆ.

ಹೀಗೆ ಮಾಡಿ ಎಂದು ಯಾರೂ ಆದೇಶ ಹೊರಡಿಸಿಲ್ಲ. ಆದರೂ ಆಗಿದೆ. ಮಗಳನ್ನು ಮೇಲಕ್ಕೆ ಕಳುಹಿಸಲೇ, ಕೆಳಗೇ ಉಳಿಸಲೇ? ಉಪದೇಶ ಬೇಡ, ಅನುಭವ ಇದ್ದರೆ ಹೇಳಿ.

ಗಡಿನಾಡ ಕಹಳೆ
ಮೇ 11, ರಾತ್ರಿ 10.05

ತಾಯೀ, ಇದರಲ್ಲಿ ಯೋಚಿಸಲು ಏನಿದೆ? 1956ರ ನವೆಂಬರ್ 1ರಂದು ನಮ್ಮನ್ನು ಕೇಳದೆ ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಆ ವರದಿ ಕಪಾಟು ಸೇರಿತು. 2017ರಲ್ಲಿ ಎಲ್ಲ ಶಾಲೆಗಳಲ್ಲಿ ಮಲಯಾಳ ಕಲಿಯಲೇಬೇಕು ಎಂದು ಕಾನೂನು ಬಂತು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ಬಂದು ಕುಳಿತ ಕಥೆ ಎಲ್ಲರಿಗೂ ಗೊತ್ತು. ನಮಗೆ ಉಳಿದಿರುವುದು ಆ ಕೆಳಗಿನ ಕೋಣೆ ಒಂದೇ. ಅದನ್ನು ಬಿಟ್ಟು ಮಹಡಿ ಹತ್ತುವವರು ದ್ರೋಹಿಗಳು.

ನಿವೃತ್ತ ಮಾಷ್ಟ್ರು, ಬದಿಯಡ್ಕ
ಮೇ 12, ಬೆಳಗ್ಗೆ 6.15

ದ್ರೋಹಿ ಎಂಬ ಮಾತು ಬೇಡ. ಒಂದು ಮಗುವಿನ ಶಾಲೆಯ ವಿಷಯ ಮಾತನಾಡುತ್ತಿದ್ದೇವೆ.

ತಂಗೀ, ನಿಮಗೆ ಗೊತ್ತಿರಬೇಕಾದ ಒಂದು ಲೆಕ್ಕವಿದೆ. ಜೂನ್‌ನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ಎಣಿಕೆ ನಡೆಯುತ್ತದೆ. ಆ ದಿನದ ಸಂಖ್ಯೆಯ ಮೇಲೆ ಡಿವಿಷನ್, ಡಿವಿಷನ್ನಿನ ಮೇಲೆ ಅಧ್ಯಾಪಕರ ಹುದ್ದೆ. ಸರಾಸರಿ ತರಗತಿಗೆ 15 ಮಕ್ಕಳಿಲ್ಲದ ಶಾಲೆಯನ್ನು ಇಲಾಖೆ ‘ಅನ್‌ಎಕನಾಮಿಕ್’ ಪಟ್ಟಿಯಲ್ಲಿ ಬರೆಯುತ್ತದೆ. ಲಾಭದಾಯಕವಲ್ಲದ ಶಾಲೆ ಎಂಬ ಆ ಮಾತನ್ನು ಕೇಳಿದಾಗಲೆಲ್ಲ ಮೂವತ್ತು ವರ್ಷ ಪಾಠ ಮಾಡಿದ ನನಗೆ ದಿನಸಿ ಅಂಗಡಿಯಲ್ಲಿ ದುಡಿದ ಹಾಗೆ ಅನ್ನಿಸುತ್ತಿತ್ತು. ಎಣಿಕೆಯ ದಿನ ಒಬ್ಬನೂ ತಪ್ಪಬಾರದೆಂದು ಕೈಯಿಂದ ಜೀಪಿನ ಬಾಡಿಗೆ ಕೊಟ್ಟು ಮಕ್ಕಳನ್ನು ಕರೆತಂದ ಅಧ್ಯಾಪಕರಲ್ಲಿ ನಾನೂ ಒಬ್ಬ. ನಿಮ್ಮ ಮಗಳು ಹೋದರೆ ಹನ್ನೊಂದು ಹತ್ತಾಗುತ್ತದೆ. ಅಷ್ಟೇ ಅಲ್ಲ, ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಒಬ್ಬ ತಾಯಿಯೂ ಆ ತರಗತಿಯಿಂದ ಹೋಗುತ್ತಾಳೆ. ನಷ್ಟ ಅದರದ್ದೇ ಹೆಚ್ಚು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳು ಮರುವಿಂಗಡಣೆಯಾದ 1956ರಲ್ಲಿಯೇ, ನಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಸೇರಿಸಿದ ವಿಧಿ ಅದು. ಆದ್ದರಿಂದ ಕನ್ನಡ ಡಿವಿಷನ್ ಬೇರೆ ಇರುವುದೇ ತಪ್ಪು ಎಂದು ನಾನು ಒಪ್ಪಲಾರೆ.

ಬೀಡಿ ಲೇಬಲ್
ಮೇ 12, ಮಧ್ಯಾಹ್ನ 2.30

ನಾನು ಮಗನನ್ನು ಮಹಡಿಗೆ ಹತ್ತಿಸಿದವಳು. ಕಹಳೆಯವರ ಲೆಕ್ಕದಲ್ಲಿ ದ್ರೋಹಿ. ದಿನಕ್ಕೆ ಸಾವಿರ ಬೀಡಿ ಕಟ್ಟಿದರೆ ಕೈಗೆ ಎಷ್ಟು ಬರುತ್ತದೆ ಎಂದು ಅವರಿಗೆ ಗೊತ್ತಿರಲಾರದು. ಅದರಲ್ಲಿ ವ್ಯಾನಿನ ಹಣ ತೆಗೆದಿಡುತ್ತೇನೆ.

ನಾನು ಹತ್ತನೆಯವರೆಗೆ ಕನ್ನಡದಲ್ಲಿ ಕಲಿತೆ. ಪ್ಲಸ್ ಟು ಸೇರಿದಾಗ ಪುಸ್ತಕ ಇಂಗ್ಲಿಷ್, ಟೀಚರ್ ವಿವರಿಸುತ್ತಿದ್ದುದು ಮಲಯಾಳದಲ್ಲಿ. ಎರಡರ ನಡುವೆ ಕುಳಿತು ಡಿಸೆಂಬರ್‌ವರೆಗೆ ಅತ್ತೆ, ಜನವರಿಯಲ್ಲಿ ಬಿಟ್ಟೆ. ಮಗನಿಗೆ ಹಾಗಾಗಬಾರದು. ಅವನಿಗೆ ಐದನೆಯ ತರಗತಿ ಒಂದೇ ಸಲ ಬರುವುದು. ಕನ್ನಡವನ್ನು ಉಳಿಸುವ ಕೆಲಸವನ್ನು ಒಂಬತ್ತು ವರ್ಷದ ಹುಡುಗನ ತಲೆಗೆ ಕಟ್ಟಬೇಡಿ.

ಪೆರ್ಲ–ಶಾರ್ಲೆಟ್
ಮೇ 12, ರಾತ್ರಿ 8.50

ನಾನು ಪೆರ್ಲದವನು, ಹನ್ನೆರಡು ವರ್ಷದಿಂದ ಅಮೆರಿಕದ ಶಾರ್ಲೆಟ್ ನಗರದಲ್ಲಿದ್ದೇನೆ. ಅಕ್ಕ ಬರೆದುದನ್ನು ಓದಿ ಬೆವರಿದೆ. ಯಾಕೆಂದು ಹೇಳುತ್ತೇನೆ.

ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರ ಮೇ 17ರಂದು ತೀರ್ಪು ಕೊಟ್ಟಿತು. ಬ್ರೌನ್ ಪ್ರಕರಣ ಎನ್ನುತ್ತಾರೆ. ಆದರೆ ಮಕ್ಕಳು ವಾಸಿಸುವ ಕೇರಿಗಳೇ ಬೇರೆ ಬೇರೆ ಇದ್ದಾಗ, ಮನೆಯ ಹತ್ತಿರದ ಶಾಲೆಗೆ ಹೋಗಿ ಎಂದರೆ ಮತ್ತೆ ಹಳೆಯ ಶಾಲೆಯೇ ಆಗುತ್ತದೆ. ಅದಕ್ಕೆ ಉತ್ತರ ಸಿಕ್ಕಿದ್ದು ನಾನಿರುವ ಈ ಊರಿನಲ್ಲಿ. ಮಕ್ಕಳನ್ನು ಬಸ್ಸಿನಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ಕರೆದೊಯ್ದು ಬೆರೆಸಬಹುದು ಎಂದು 1971ರಲ್ಲಿ ಸ್ವಾನ್ ಪ್ರಕರಣದಲ್ಲಿ ಕೋರ್ಟು ಒಪ್ಪಿತು. ಇಲ್ಲಿ ನಗರವೂ ಸುತ್ತಲಿನ ಕೌಂಟಿಯೂ ಸೇರಿ ಒಂದೇ ಶಾಲಾ ಜಿಲ್ಲೆ. ಹಾಗಾಗಿ ಬಿಳಿಯರು ಊರ ಹೊರಗೆ ಮನೆ ಮಾಡಿದರೂ ತಪ್ಪಿಸಿಕೊಳ್ಳುವುದು ಸುಲಭವಿರಲಿಲ್ಲ. ಮೂರು ವರ್ಷದ ನಂತರ ಡೆಟ್ರಾಯಿಟಿನ ಮಿಲಿಕೆನ್ ಪ್ರಕರಣ ಬಂತು. ಅಲ್ಲಿ ಉಪನಗರಗಳೆಲ್ಲ ಬೇರೆ ಬೇರೆ ಶಾಲಾ ಜಿಲ್ಲೆಗಳು. ಆ ಗೆರೆ ದಾಟಿ ಮಕ್ಕಳನ್ನು ಬೆರೆಸುವಂತಿಲ್ಲ ಎಂದು ಐದಕ್ಕೆ ನಾಲ್ಕು ಮತದ ತೀರ್ಪಾಯಿತು. ಹಣವಿದ್ದವರಿಗೆ ಗೊತ್ತಾಗಿಹೋಯಿತು: ಗೆರೆಯ ಆಚೆ ಮನೆ ಕೊಂಡರೆ ಸಾಕು.

ಶಾರ್ಲೆಟ್ಟಿನ ಬಸ್ಸುಗಳ ಕಥೆಯೂ ಮುಗಿಯಿತು. 1999ರಲ್ಲಿ ಕೆಳಗಿನ ಕೋರ್ಟು ಇನ್ನು ಸಾಕು ಎಂದಿತು, 2002ರ ಹೊತ್ತಿಗೆ ಶಾಲೆಗಳು ಮತ್ತೆ ಕೇರಿಗಳ ಪ್ರಕಾರ ಹಂಚಿಹೋದವು. ನಾನು ಇಲ್ಲಿ ಮನೆ ಕೊಳ್ಳುವಾಗ ಮೊದಲು ನೋಡಿದ್ದು ಹತ್ತಿರದ ಶಾಲೆಗೆ ಹತ್ತಕ್ಕೆ ಎಷ್ಟು ಅಂಕ ಎಂದು. ಎಂಟು ಇತ್ತು, ಕೊಂಡೆವು. ಮಗನ ತರಗತಿಯಲ್ಲಿ ಕರಿಯ ಮಕ್ಕಳು ಇಬ್ಬರೋ ಮೂವರೋ. ಯಾರನ್ನೂ ದೂರ ಇಡಬೇಕೆಂದು ನಾನು ಬಯಸಿರಲಿಲ್ಲ, ಒಳ್ಳೆಯ ಶಾಲೆ ಬೇಕಿತ್ತು ಅಷ್ಟೇ. ಪಕ್ಕದ ಮನೆಯವರೂ ಇದನ್ನೇ ಹೇಳುತ್ತಾರೆ. ಅಕ್ಕನ ಶಾಲೆಯ ಮಹಡಿ ಹತ್ತಿದವರೂ ಇದನ್ನೇ ಹೇಳುತ್ತಾರೆ ಅಂದುಕೊಳ್ಳುತ್ತೇನೆ.

ಗಡಿನಾಡ ಕಹಳೆ
ಮೇ 12, ರಾತ್ರಿ 9.20

ಅಮೆರಿಕದ ಕರಿಯರ ಕಥೆ ನಮಗೇಕೆ? ಅಲ್ಲಿ ಬಣ್ಣ, ಇಲ್ಲಿ ಭಾಷೆ. ನಮ್ಮನ್ನು ಯಾರೂ ಶಾಲೆಯಿಂದ ಹೊರಗೆ ನಿಲ್ಲಿಸಲಿಲ್ಲ.

ಇತಿಹಾಸ ಪೀರಿಯಡ್
ಮೇ 13, ಬೆಳಗ್ಗೆ 7.40

ಯಾರನ್ನೂ ನಿಲ್ಲಿಸಲಿಲ್ಲವೇ? 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದ ಒಬ್ಬ ಮಹಾರ ಹುಡುಗನನ್ನು ಸೇರಿಸಿಕೊಳ್ಳಲಿಲ್ಲ. ಅವನು ಬೊಂಬಾಯಿ ಸರಕಾರಕ್ಕೆ ಅರ್ಜಿ ಹಾಕಿದ. ಅವನ ಮಾತಿನಲ್ಲಿ ನ್ಯಾಯವಿದೆ ಎಂದು ಸರಕಾರಕ್ಕೂ ಗೊತ್ತಿತ್ತು. ಆದರೆ ಅವನೊಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಬಿಟ್ಟು ಹೋಗಿ ಶಾಲೆಯೇ ನಿರುಪಯೋಗಿಯಾಗುತ್ತದೆ ಎಂದು ಕಾರಣ ಕೊಟ್ಟು ಅರ್ಜಿಯನ್ನು ತಳ್ಳಿತು. ಬ್ರೌನ್ ತೀರ್ಪಿಗಿಂತ ಸುಮಾರು ನೂರು ವರ್ಷ ಮೊದಲು, ನಮ್ಮದೇ ಧಾರವಾಡದಲ್ಲಿ. ‘ಉಳಿದವರು ಬಿಟ್ಟು ಹೋಗುತ್ತಾರೆ’ ಎಂಬ ಆ ಒಂದು ಭಯ ಇವತ್ತಿಗೂ ಎಷ್ಟು ಶಾಲೆಗಳನ್ನು ಆಳುತ್ತಿದೆ ನೋಡಿ.

ಅಮೆರಿಕದಲ್ಲಿ ಆ ಭಯ ನಿಜವೂ ಆಯಿತು. 1960ರ ನವೆಂಬರಿನಲ್ಲಿ ನ್ಯೂ ಆರ್ಲಿಯನ್ಸಿನ ಬಿಳಿಯರ ಶಾಲೆಗೆ ರೂಬಿ ಬ್ರಿಡ್ಜಸ್ ಎಂಬ ಆರು ವರ್ಷದ ಕರಿಯ ಹುಡುಗಿ ಮಾರ್ಷಲ್‌ಗಳ ಕಾವಲಿನಲ್ಲಿ ಹೋದಾಗ ಬಿಳಿಯ ಪೋಷಕರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು. ವರ್ಷವಿಡೀ ಅವಳೊಬ್ಬಳಿಗೇ ಒಬ್ಬ ಟೀಚರ್ ಪಾಠ ಮಾಡಿದರು. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಬೆರೆಸುವುದಕ್ಕಿಂತ ಮುಚ್ಚುವುದೇ ಮೇಲೆಂದು 1959ರಿಂದ 1964ರವರೆಗೆ ಸಾರ್ವಜನಿಕ ಶಾಲೆಗಳಿಗೇ ಬೀಗ ಹಾಕಿದರು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಕಟ್ಟಿಕೊಂಡರು.

ಬ್ರೌನ್ ಪ್ರಕರಣದಲ್ಲಿ ಬಹಳ ಮಂದಿ ತಪ್ಪಾಗಿ ತಿಳಿದಿರುವ ಒಂದು ಅಂಶವಿದೆ. ಟೊಪೀಕಾದ ಲಿಂಡಾ ಬ್ರೌನ್ ಹೋಗುತ್ತಿದ್ದ ಕರಿಯರ ಶಾಲೆ ಹಾಳುಬಿದ್ದ ಕಟ್ಟಡವಾಗಿರಲಿಲ್ಲ. ಮನೆಯ ಹತ್ತಿರದ ಬಿಳಿಯರ ಶಾಲೆಯನ್ನು ಬಿಟ್ಟು ಅವಳು ರೈಲು ಹಳಿ ದಾಟಿ ಬಸ್ಸು ಹಿಡಿಯಬೇಕಿತ್ತು, ಅದು ಬೇರೆ ಮಾತು. ಕಟ್ಟಡ, ಪಾಠಪಟ್ಟಿ, ಅಧ್ಯಾಪಕರ ಅರ್ಹತೆ ಸರಿಸಮ ಇದ್ದರೂ ಬೇರೆ ಕೂರಿಸುವುದರಿಂದಲೇ ಮಗುವಿನ ಮನಸ್ಸಿಗೆ ಗಾಯವಾಗುತ್ತದೆ ಎಂದು ಕೋರ್ಟು ಹೇಳಿತು.

ಇದನ್ನು ನಮ್ಮ ಶಾಲೆಗೆ ಇಟ್ಟು ನೋಡಿ. ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ, ಬಡವರ ಕೇರಿಗೆ ಬಡ ಶಾಲೆ. ಇದು ಅನ್ಯಾಯ ಎಂದು ಟೆಕ್ಸಾಸಿನ ಪೋಷಕರು ಹೋದಾಗ 1973ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಮ್ಮಲ್ಲಿ ಅನುದಾನಿತ ಶಾಲೆಯ ಎಲ್ಲ ಅಧ್ಯಾಪಕರ ಸಂಬಳ ಸರಕಾರದ್ದೇ. ಮಹಡಿಯ ಟೀಚರಿಗೂ ಕೆಳಗಿನ ಟೀಚರಿಗೂ ಒಂದೇ ಖಜಾನೆ, ಪುಸ್ತಕವೂ ಒಂದೇ ಇಲಾಖೆಯದ್ದು. ಹಾಗಿದ್ದರೂ ಅಕ್ಕ ಹೇಳಿದ ಗಾಯ ಆಗಿದೆ. ಅಂದರೆ ಹಣ ಸಮ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಮ್ಮ ಯು.ಪಿ. ಶಾಲೆಗಳೇ ಉತ್ತರ.

ಆದರೆ ಮಾಷ್ಟ್ರು ಹೇಳಿದ್ದನ್ನೂ ನಾನು ಬಿಟ್ಟುಕೊಡಲಾರೆ. ಅಮೆರಿಕದಲ್ಲಿ ಶಾಲೆಗಳನ್ನು ಒಂದುಗೂಡಿಸಿದಾಗ ಮುಚ್ಚಿದ್ದು ಹೆಚ್ಚಾಗಿ ಕರಿಯರ ಶಾಲೆಗಳು. ಸಾವಿರಾರು ಕರಿಯ ಅಧ್ಯಾಪಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು. ಒಂದುಗೂಡಿಸುವುದು ಎಂದರೆ ಯಾರ ಕುರ್ಚಿ ಎತ್ತುತ್ತಾರೆ ಎಂದು ಕೇಳಬೇಕು. ನಾಳೆ ಎಲ್ಲ ಡಿವಿಷನ್ ಸೇರಿಸಿ ಎಂದರೆ ಮೊದಲು ಹೋಗುವುದು ಕನ್ನಡ ಟೀಚರಿನ ಕುರ್ಚಿ.

ಗುಡ್ಡದ ಮೇಲಿನವ
ಮೇ 13, ರಾತ್ರಿ 10.30

ಎರಡು ದಿನದಿಂದ ಓದುತ್ತಿದ್ದೇನೆ. ಹೆಸರು ನೋಡಿದರೆ ಗೊತ್ತಾಗುತ್ತದೆ, ನಾನು ಆ ಎಂಟು ಮಂದಿಯ ಪೈಕಿ. ನಿಮ್ಮ ಶಾಲೆಯವನಲ್ಲ, ಬೇರೆ ಗುಡ್ಡ, ಆದರೆ ಅದೇ ಕೋಣೆ. ಮೊಗೇರ ಸಮುದಾಯದವನು. ಈಗ ಕಚೇರಿಯೊಂದರಲ್ಲಿ ಗುಮಾಸ್ತ.

ಮೊದಲು ಆ ಪದದ ಬಗ್ಗೆ. 2024ರ ಜೂನ್‌ನಲ್ಲಿ ಕೇರಳ ಸರಕಾರವೇ ‘ಕಾಲನಿ’ ಎಂಬ ಹೆಸರು ಕೀಳರಿಮೆ ಹುಟ್ಟಿಸುತ್ತದೆ, ನಗರ, ಉನ್ನತಿ ಎಂದೆಲ್ಲ ಕರೆಯಿರಿ ಎಂದು ಆದೇಶ ಮಾಡಿತು. ಫಲಕ ಬದಲಾಗಿದೆ. ಆಟೋದವರು ಮಾತ್ರ ಇವತ್ತಿಗೂ ಕಾಲನಿ ಎಂದೇ ಬಾಡಿಗೆ ಹೇಳುತ್ತಾರೆ, ಅಕ್ಕನೂ ಹಾಗೆಯೇ ಬರೆದಿದ್ದಾರೆ.

ಇನ್ನು ಮಾತೃಭಾಷೆ. ನಮ್ಮ ಮನೆಯ ಮಾತು ತುಳು. ಕೊರಗರ ಮನೆಗಳಲ್ಲಿಯೂ ಕನ್ನಡ ಆಡುವುದಿಲ್ಲ, ಮರಾಟಿಗರ ಮನೆಯಲ್ಲಿ ಮರಾಟಿ. ನಮಗೆ ಕನ್ನಡ ಎಂದರೆ ಶಾಲೆಯಲ್ಲಿ ಮೊದಲ ದಿನ ಕೇಳಿದ ಭಾಷೆ. ಹಾಗಾಗಿ 350ಎ ವಿಧಿ ನಮ್ಮ ಹೆಸರಿನಲ್ಲಿ ಓದುವಾಗ ಸ್ವಲ್ಪ ನಿಧಾನಿಸಿ. ಕನ್ನಡದ ಮೇಲೆ ನನಗೆ ಸಿಟ್ಟಿಲ್ಲ. ಓದಿ ಬರೆದು ಕೆಲಸ ಹಿಡಿದದ್ದು ಆ ಭಾಷೆಯಲ್ಲಿ, ಈಗ ಸಿಟ್ಟು ತೋಡಿಕೊಳ್ಳುತ್ತಿರುವುದೂ ಆ ಭಾಷೆಯಲ್ಲಿ. ಆದರೆ ಯೋಚಿಸಿ. ಮನೆಯಲ್ಲಿ ಶುದ್ಧ ಕನ್ನಡ ಆಡುವವರ ಮಕ್ಕಳು ಮಹಡಿ ಹತ್ತಿದರು, ಇನ್ನೂ ಅನುಕೂಲವಿದ್ದವರು ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದರು. ಪೆರ್ಲದ ಅಣ್ಣ ಹೇಳಿದ ಗೆರೆ ನಮ್ಮ ಜಿಲ್ಲೆಗೂ ಇದೆ, ನಮಗೆ ಅದು ರಾಜ್ಯದ ಗಡಿ. ಆ ಗೆರೆ ದಾಟಲು ಹಾಸ್ಟೆಲಿನ ಹಣ ಬೇಕು, ಇಲ್ಲವೇ ಆಚೆ ಕಡೆ ದೊಡ್ಡಪ್ಪನ ಮನೆ ಇರಬೇಕು. ನಮಗೆ ಎರಡೂ ಇಲ್ಲ. ಕೊನೆಗೆ ಕನ್ನಡ ಡಿವಿಷನ್ನಿನ ಹಾಜರಿ ಪುಸ್ತಕ ತುಂಬಿಸುತ್ತಿರುವುದು ಕನ್ನಡ ಮನೆಮಾತಲ್ಲದ ನಮ್ಮ ಮಕ್ಕಳು. ನವೆಂಬರ್ ಒಂದಕ್ಕೆ ಗಡಿನಾಡ ಕನ್ನಡದ ರಕ್ಷಕರೆಂದು ಶಾಲು ಹೊದೆಸಿಕೊಳ್ಳುವವರು ಬೇರೆ.

ನಾನು ಕಲಿಯುವಾಗ ಮಧ್ಯಾಹ್ನ ಗಂಜಿ ಮತ್ತು ಹೆಸರುಕಾಳು. ಆಗಲೂ ಮನೆಗೆ ಹೋಗಿ ಉಂಡು ಬರುವವರಿದ್ದರು. ಆದರೆ ತರಗತಿ ಒಂದೇ ಇತ್ತು. ಶಾಲೆಯ ಮ್ಯಾನೇಜರರ ಮೊಮ್ಮಗ ನನ್ನ ಬೆಂಚಿನಲ್ಲಿಯೇ ಕುಳಿತಿದ್ದ. ಸ್ನೇಹ ಎನ್ನಲಾರೆ, ಅವನ ಮನೆಯ ಅಂಗಳದ ಆಚೆ ನಾನು ಹೋದವನಲ್ಲ. ಆದರೂ ಅವನಲ್ಲಿದ್ದ ಅಟ್ಲಾಸನ್ನು ನಾನು ನೋಡಿದೆ. ಅವನಿಗೆ ಬಾರದ ಭಾಗಾಕಾರ ನನಗೆ ಬರುತ್ತದೆಂದು ಅವನೂ ನೋಡಿದ. ಇಡೀ ಶಾಲೆಯೂ ನೋಡಿತು. ಇವತ್ತಿನ ಮಕ್ಕಳಿಗೆ ಅದು ಇಲ್ಲ. ಕೆಳಗಿನ ಕೋಣೆಯಲ್ಲಿ ಮೊದಲ ರ‍್ಯಾಂಕ್ ಬಂದರೂ ಅದು ಕೆಳಗಿನ ಕೋಣೆಯ ರ‍್ಯಾಂಕ್.

ಕುಂಬಳೆ ಬಯಲು
ಮೇ 13, ರಾತ್ರಿ 11.10

ಕಾಲನಿ ಎಂದು ಬರೆದದ್ದು ತಪ್ಪಾಯಿತು ಅಣ್ಣ. ಬೆರಳು ತಾನಾಗಿ ಬರೆಯಿತು ಎಂದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ, ಆದರೆ ನಡೆದದ್ದು ಹಾಗೆ. ಆ ಎಂಟು ಮಕ್ಕಳಲ್ಲಿ ಐವರ ಹೆಸರು ಮಾತ್ರ ನನಗೆ ಗೊತ್ತು ಎಂಬುದು ನಿಮ್ಮ ಬರಹ ಓದಿದ ಮೇಲೆ ಹೊಳೆಯಿತು. ಮಗಳಿಗೆ ಎಲ್ಲರದೂ ಗೊತ್ತಿದೆ.

ಬೀಡಿ ಲೇಬಲ್
ಮೇ 14, ಮಧ್ಯಾಹ್ನ 1.15

ಒಂದು ಪ್ರಶ್ನೆ ಮಾಷ್ಟ್ರಿಗೆ, ಬೇಸರ ಮಾಡಬೇಡಿ. ನಿಮ್ಮ ಮಕ್ಕಳು ಎಲ್ಲಿ ಕಲಿತರು?

ನಿವೃತ್ತ ಮಾಷ್ಟ್ರು, ಬದಿಯಡ್ಕ
ಮೇ 14, ಸಂಜೆ 5.00

ಯಾರಾದರೂ ಕೇಳುತ್ತಾರೆಂದು ಗೊತ್ತಿತ್ತು. ದೊಡ್ಡವನು ಏಳರವರೆಗೆ ನನ್ನದೇ ಶಾಲೆ, ಕನ್ನಡ. ಎಂಟರಿಂದ ಮಂಗಳೂರಿನಲ್ಲಿ, ನನ್ನ ತಂಗಿಯ ಮನೆಯಲ್ಲಿದ್ದುಕೊಂಡು, ಇಂಗ್ಲಿಷ್ ಮಾಧ್ಯಮ. ಸಣ್ಣವಳು ಒಂದರಿಂದಲೇ ಇಂಗ್ಲಿಷ್. ಅವಳನ್ನು ಸೇರಿಸಿದ ವರ್ಷ ನಾನು ಕನ್ನಡ ಡಿವಿಷನ್ ಉಳಿಸಿ ಎಂದು ಮನೆ ಮನೆಗೆ ಹೋಗುತ್ತಿದ್ದೆ. ಒಂದು ಮನೆಯಲ್ಲಿ ಹೆಂಗಸೊಬ್ಬರು ಚಹಾ ಕೊಟ್ಟು, ನಿಮ್ಮ ಮಗಳು ಯಾವ ಶಾಲೆ ಮಾಷ್ಟ್ರೇ ಎಂದು ಕೇಳಿದರು. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಆ ಮನೆಯ ಇಬ್ಬರು ಮಕ್ಕಳೂ ನನ್ನ ತರಗತಿಗೇ ಬಂದರು, ಏಕೆಂದರೆ ಅವರಿಗೆ ಬೇರೆ ದಾರಿಯಿರಲಿಲ್ಲ.

ಗಡಿನಾಡ ಕಹಳೆ
ಮೇ 14, ಸಂಜೆ 6.30

ಮಾಷ್ಟ್ರು ಪ್ರಾಮಾಣಿಕರು. ನನ್ನ ಮಗ ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದಾನೆ, ಇಂಗ್ಲಿಷ್ ಮಾಧ್ಯಮ. ಕೇಳುವ ಮೊದಲೇ ಹೇಳಿಬಿಡುತ್ತೇನೆ. ದ್ರೋಹಿ ಎಂದದ್ದನ್ನು ಹಿಂದೆಗೆದುಕೊಂಡಿದ್ದೇನೆ. ಮಹಾಜನ ವರದಿಯನ್ನು ಮಾತ್ರ ಬಿಡುವುದಿಲ್ಲ.

ಜತ್ತ ತಾಲೂಕು
ಮೇ 14, ರಾತ್ರಿ 8.00

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಿಂದ ನಮಸ್ಕಾರ. ನಮ್ಮಲ್ಲಿಯೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಉಳ್ಳವರು ವಿಜಯಪುರಕ್ಕೆ, ಅರ್ಧ ಉಳ್ಳವರು ಊರಿನ ಇಂಗ್ಲಿಷ್ ಶಾಲೆಗೆ. ಕಬ್ಬು ಕಡಿಯಲು ತಂದೆತಾಯಿಯೊಂದಿಗೆ ಗುಳೆ ಹೋಗಿ ಮಾರ್ಚಿನಲ್ಲಿ ಮರಳುವ ಮಕ್ಕಳು ಕನ್ನಡ ಶಾಲೆಗೆ. ನೀವು ಮಹಡಿ ಮತ್ತು ಕೆಳಗಿನ ಕೋಣೆ ಎನ್ನುತ್ತೀರಿ. ನಮ್ಮ ಊರಿನಲ್ಲಿ ಮಹಡಿಯೇ ಇಲ್ಲ, ವ್ಯತ್ಯಾಸ ಅಷ್ಟೇ.

ತಾಳವಾಡಿ ಬೆಟ್ಟ
ಮೇ 15, ಬೆಳಗ್ಗೆ 9.10

ಈರೋಡು ಜಿಲ್ಲೆಯ ತಾಳವಾಡಿ. ತಮಿಳುನಾಡಿನಲ್ಲಿ 2006ರ ಕಾನೂನಿನ ಪ್ರಕಾರ ತಮಿಳು ಮೊದಲ ಭಾಷೆ, ಒಂದನೆಯ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಹತ್ತರವರೆಗೆ ಬಂತು. ಕೈಯಲ್ಲಿ ಕಾಸಿದ್ದವರು ಚಾಮರಾಜನಗರದ ಕಡೆಗೆ ಮಕ್ಕಳನ್ನು ಕಳುಹಿಸಿದರು. ಉಳಿದವರ ಮಕ್ಕಳು ಎರಡು ಲಿಪಿ ಒಟ್ಟಿಗೆ ತಿದ್ದಿದರು. ನನ್ನ ಅಕ್ಕನ ಮಗಳು ಈಗ ಎರಡರಲ್ಲೂ ಚೆನ್ನಾಗಿ ಬರೆಯುತ್ತಾಳೆ, ಅದನ್ನೂ ಹೇಳಬೇಕು.

ಪೆರ್ಲ–ಶಾರ್ಲೆಟ್
ಮೇ 15, ರಾತ್ರಿ 9.00

ಭಾರತದಲ್ಲಿ ಖಾಸಗಿ ಶಾಲೆಗಳ ನಾಲ್ಕನೆಯ ಒಂದು ಪಾಲು ಸೀಟು ಬಡ ಮಕ್ಕಳಿಗೆ ಎಂಬ ಕಾನೂನು ಇದೆಯಲ್ಲ? ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲವೇ?

ಇತಿಹಾಸ ಪೀರಿಯಡ್
ಮೇ 15, ರಾತ್ರಿ 10.20

2009ರ ಶಿಕ್ಷಣ ಹಕ್ಕು ಕಾಯ್ದೆಯ ಮಾತು. 25 ಶೇಕಡಾ ಸೀಟು ಸರಿ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು. 2014ರಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಈ ಕಾಯ್ದೆಯಿಂದಲೇ ಹೊರಗಿಟ್ಟಿತು. ಧಾರ್ಮಿಕ ಅಲ್ಪಸಂಖ್ಯಾತರಷ್ಟೇ ಅಲ್ಲ, ಭಾಷಾ ಅಲ್ಪಸಂಖ್ಯಾತರೂ. ಅಂದರೆ ನಮ್ಮ ಭಾಷೆ ಉಳಿಯಲೆಂದು ಕೊಟ್ಟ ರಕ್ಷಣೆಯನ್ನೇ ಹಿಡಿದು ಬಡ ಮಗುವಿಗೆ ಬಾಗಿಲು ಹಾಕಬಹುದು. ಗಡಿಯ ಆಚೆಯೂ ಸಂಭ್ರಮವಿಲ್ಲ: ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಎಂದು ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು. ಅಕ್ಕ ಹೇಳಿದ್ದು ಇದಾವುದಕ್ಕೂ ಸಿಗುವುದಿಲ್ಲ. ಎರಡೂ ಕೋಣೆ ಒಂದೇ ಅನುದಾನಿತ ಶಾಲೆಯವು. ಯಾವ ಕಾನೂನೂ ಮೆಟ್ಟಿಲನ್ನು ಎಣಿಸುವುದಿಲ್ಲ.

ಕಾನೂನು ಮಾಡಲಾಗದ್ದನ್ನು ವೇಳಾಪಟ್ಟಿ ಮಾಡಬಹುದೇನೋ. ಅಕ್ಕ, ಮಹಡಿಯ ಮಕ್ಕಳಲ್ಲಿ ಎಷ್ಟು ಮಂದಿ ಮೊದಲ ಭಾಷೆಯಾಗಿ ಕನ್ನಡ ತೆಗೆದುಕೊಂಡಿದ್ದಾರೆ?

ಕುಂಬಳೆ ಬಯಲು
ಮೇ 16, ಬೆಳಗ್ಗೆ 11.00

ಕೇಳಿ ತಿಳಿದೆ. 34ರಲ್ಲಿ 19. ಅವರಿಗೆ ಕನ್ನಡ ಪಾಠ ಮಾಡುವುದು ನಮ್ಮ ಮಗಳ ಕನ್ನಡ ಟೀಚರೇ. ಅದೇ ಪುಸ್ತಕವನ್ನು ಬೆಳಗ್ಗೆ ಕೆಳಗೆ ಹನ್ನೊಂದು ಮಕ್ಕಳಿಗೆ, ಮಧ್ಯಾಹ್ನ ಮೇಲೆ ಹತ್ತೊಂಬತ್ತು ಮಕ್ಕಳಿಗೆ.

ನಿವೃತ್ತ ಮಾಷ್ಟ್ರು, ಬದಿಯಡ್ಕ
ಮೇ 16, ಮಧ್ಯಾಹ್ನ 12.10

ಮೂವತ್ತು ಮಕ್ಕಳು! ಒಂದು ಕೋಣೆಯಲ್ಲಿ ಸರಿಯಾಗಿ ಹಿಡಿಸುತ್ತಾರೆ. ಗಣಿತ, ವಿಜ್ಞಾನ ಬೇರೆ ಮಾಧ್ಯಮದಲ್ಲಿಯೇ ನಡೆಯಲಿ, ಡಿವಿಷನ್ ಕಾಗದದಲ್ಲಿ ಹಾಗೆಯೇ ಇರಲಿ, ಹುದ್ದೆಗೆ ತೊಂದರೆಯಿಲ್ಲ. ಕನ್ನಡದ ಪೀರಿಯಡ್, ಚಿತ್ರಕಲೆ, ಆಟ, ಗ್ರಂಥಾಲಯ ಒಟ್ಟಿಗೆ. ಟೀಚರಿಗೂ ಒಂದು ಪೀರಿಯಡ್ ಉಳಿಯುತ್ತದೆ. ಇದು ನನಗೆ ಸೇವೆಯಲ್ಲಿದ್ದಾಗ ಯಾಕೆ ಹೊಳೆಯಲಿಲ್ಲ? ಬಹುಶಃ ಮಹಡಿಯವರು ಕೆಳಗಿಳಿಯಲು ಒಪ್ಪುವುದಿಲ್ಲ ಎಂದು ನಾನೇ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಗುಡ್ಡದ ಮೇಲಿನವ
ಮೇ 16, ಸಂಜೆ 7.00

ಒಳ್ಳೆಯದೇ. ಆದರೆ ಕೂರುವ ಸ್ಥಳ ಯಾರು ನಿರ್ಧರಿಸುತ್ತಾರೆ? ಹತ್ತೊಂಬತ್ತು ಮಂದಿ ಮುಂದೆ, ಹನ್ನೊಂದು ಮಂದಿ ಹಿಂದೆ ಎಂದಾದರೆ ಮೊದಲಿನ ಕೋಣೆಯೇ ವಾಸಿ. ಅಲ್ಲಿ ಮುಂದಿನ ಬೆಂಚಾದರೂ ನಮ್ಮದಿತ್ತು.

ಬೀಡಿ ಲೇಬಲ್
ಮೇ 16, ರಾತ್ರಿ 8.45

ನನ್ನ ಮಗ ಆ ಹತ್ತೊಂಬತ್ತರಂಥವನೇ. ಕೆಳಗೆ ಹೋಗಿ ಕೂರಲು ನನ್ನ ಅಡ್ಡಿಯಿಲ್ಲ. ಬದಲಿಗೆ ಕೆಳಗಿನವರಿಗೆ ಮೇಲಿನ ಇಂಗ್ಲಿಷ್ ಟೀಚರ್ ವಾರಕ್ಕೆ ಎರಡು ಪೀರಿಯಡ್ ಬರಲಿ. ಕನ್ನಡ ಹಂಚಿಕೊಳ್ಳುತ್ತೀರಿ, ಇಂಗ್ಲಿಷ್ ಹಂಚಿಕೊಳ್ಳುವುದಿಲ್ಲ ಎಂದರೆ ಅದು ಯಾವ ನ್ಯಾಯ?

ಇತಿಹಾಸ ಪೀರಿಯಡ್
ಮೇ 16, ರಾತ್ರಿ 9.15

ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಮಾತು ಇದು. ಅಮೆರಿಕದಲ್ಲಿ 1966ರಲ್ಲಿ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರ ತಂಡ ಸುಮಾರು ನಾಲ್ಕು ಸಾವಿರ ಶಾಲೆಗಳನ್ನು ಅಳೆದು ನೋಡಿತು. ಕಟ್ಟಡ, ಸಲಕರಣೆಗಿಂತ ಮಗುವಿನ ಮನೆಯ ಹಿನ್ನೆಲೆ ಮತ್ತು ಜೊತೆಗೆ ಕಲಿಯುವವರು ಯಾರು ಎಂಬುದು ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂದು ಕಂಡಿತು. ನಮ್ಮ ಕೊಠಾರಿ ಆಯೋಗವೂ ಅದೇ ವರ್ಷ ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗಬೇಕೆಂದು ಬರೆಯಿತು. ಬೀಡಿ ಲೇಬಲ್ ಅಕ್ಕ ಎರಡೂ ವರದಿಯನ್ನು ಎರಡು ಸಾಲಿನಲ್ಲಿ ಮುಗಿಸಿದರು.

ಕುಂಬಳೆ ಬಯಲು
ಜೂನ್ 10, ರಾತ್ರಿ 9.30

ಬಹಳ ದಿನದ ನಂತರ ಬರೆಯುತ್ತಿದ್ದೇನೆ. ಮಗಳು ಕೆಳಗೆಯೇ ಇದ್ದಾಳೆ. ಎಣಿಕೆಯ ದಿನ 12 ಮಕ್ಕಳು, ಒಬ್ಬ ಹೊಸಬ ಬಂದ.

ಪಿಟಿಎ ಸಭೆ ಎರಡೂವರೆ ಗಂಟೆ ನಡೆಯಿತು. ಕನ್ನಡದ ಪೀರಿಯಡ್ ಒಟ್ಟಿಗೆ ಮಾಡಲು ಮುಖ್ಯೋಪಾಧ್ಯಾಯರು ಒಪ್ಪಿದರು, ಓಣಂ ಪರೀಕ್ಷೆಯವರೆಗೆ ನೋಡೋಣ ಎಂಬ ಷರತ್ತಿನೊಂದಿಗೆ. ಕೂರುವ ಕ್ರಮ ವಾರಕ್ಕೊಮ್ಮೆ ಬದಲು. ಇಂಗ್ಲಿಷ್ ಟೀಚರ್ ಕೆಳಗೆ ಬರುವ ವಿಷಯ ಮುಂದಿನ ಸಭೆಗೆ ಹೋಯಿತು. ಮಹಡಿಯ ಮೂವರು ಪೋಷಕರು ಬೇರೆ ಶಾಲೆ ನೋಡಿಕೊಳ್ಳುತ್ತೇವೆ ಎಂದು ಎದ್ದರು. ಒಬ್ಬರು ನಿಜವಾಗಿಯೂ ಟಿ.ಸಿ. ತೆಗೆದುಕೊಂಡರು. ಧಾರವಾಡದ ಕಥೆ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು, ಆದರೆ ಒಬ್ಬರೇ.

ಗಲಾಟೆಯಾದದ್ದು ಊಟದ ವಿಷಯಕ್ಕೆ. ಎಲ್ಲರೂ ಶಾಲೆಯ ಅನ್ನವನ್ನೇ ಉಣ್ಣಲಿ ಎಂದು ನಾನು ಹೇಳಿದ್ದೆ. ಅಡ್ಡಿ ಬಂದದ್ದು ಮಹಡಿಯಿಂದಲ್ಲ, ಅಡುಗೆಮನೆಯಿಂದ. ಐನೂರು ಮಕ್ಕಳವರೆಗೆ ಒಬ್ಬರೇ ಅಡುಗೆಯವರು ಎಂದು ನಿಯಮ. ಅಡುಗೆಯ ಅಕ್ಕ ಸಭೆಗೆ ಬಂದು, ಇವರೆಲ್ಲರೂ ಉಣ್ಣಲಿ ಎನ್ನುವವರು ತೆಂಗಿನಕಾಯಿ ತುರಿಯಲು ಬರುತ್ತಾರೆಯೇ ಎಂದು ಕೇಳಿದರು. ಬೆರೆಯುವುದರ ಬಗ್ಗೆ ಭಾಷಣ ಮಾಡಿದ ಯಾರೂ ಬಾಯಿ ಬಿಡಲಿಲ್ಲ, ನಾನೂ.

ಗುಡ್ಡದ ಮೇಲಿನವ
ಜೂನ್ 10, ರಾತ್ರಿ 10.00

ನನ್ನ ಚಿಕ್ಕಮ್ಮ ಬೇರೆ ಶಾಲೆಯಲ್ಲಿ ಅದೇ ಕೆಲಸ ಮಾಡುತ್ತಾರೆ. ಬೆಳಗ್ಗೆ ಏಳೂವರೆಗೆ ಒಲೆ ಹಚ್ಚಬೇಕು. ತುರಿಯುವ ಕೆಲಸ ಎಂಟೂವರೆಯ ಒಳಗೆ ಮುಗಿದರೆ ಮಾತ್ರ ಉಪಯೋಗ, ಆಮೇಲೆ ಬಂದರೆ ಅಡ್ಡಿಯೇ. ತಟ್ಟೆಗಳನ್ನು ಮಕ್ಕಳು ಮನೆಯಿಂದಲೇ ತರಲಿ, ಶಾಲೆಯ ತಟ್ಟೆ ತೊಳೆಯುವುದು ಇನ್ನೊಂದು ಗಂಟೆ.

ಕುಂಬಳೆ ಬಯಲು
ಜೂನ್ 10, ರಾತ್ರಿ 10.15

ಸೋಮವಾರ ಮತ್ತು ಗುರುವಾರ ನಾನು ಹೋಗಬಲ್ಲೆ. ಉಳಿದ ಮೂರು ದಿನಕ್ಕೆ ಜನ ಹುಡುಕುತ್ತಿದ್ದೇನೆ. ತುರಿಮಣೆ ಶಾಲೆಯಲ್ಲಿ ಒಂದೇ ಇದೆ, ಬರುವವರು ತಮ್ಮದನ್ನು ತರಬೇಕು.